ಎದೆಗೂಡಿನ ಮೂಳೆಗಳ ಕ್ಯಾನ್ಸರ್: ರೋಗನಿದಾನದ ಸಂಕೇತ ಸಂಖ್ಯೆ ಕುರಿತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ರಂಗಂಪೇಟೆಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಹೊರಡುವ ರೋಗಿಯು ಸಾಮಾನ್ಯವಾಗಿ ಮೊದಲು ಸುರಪುರದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಯಾದಗಿರಿ ಅಥವಾ ಕಲಬುರಗಿಗೆ, ಅಗತ್ಯಬಿದ್ದಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ತೆರಳುತ್ತಾರೆ. ರೋಗಿಯ ಜೊತೆಗೆ ಅವರ ಕಾಗದಪತ್ರಗಳೂ ಈ ದಾರಿಯಲ್ಲಿ ಸಾಗುತ್ತವೆ. ಚಿಕಿತ್ಸಾ ವೆಚ್ಚಕ್ಕೆ ಮಂಜೂರಾತಿ ನೀಡುವ ಅಧಿಕಾರಿ, ಕ್ಯಾನ್ಸರ್ ನೋಂದಣಿ ಪುಸ್ತಕದ ಸಿಬ್ಬಂದಿ, ಮರಣ ಕಾರಣಗಳನ್ನು ವರ್ಗೀಕರಿಸುವ ಅಂಕಿ-ಅಂಶ ಸಿಬ್ಬಂದಿ, ಇವರಲ್ಲಿ ಯಾರೂ ರೋಗಿಯನ್ನು ಕಣ್ಣಾರೆ ಕಾಣುವುದಿಲ್ಲ. ಕಾಗದದಲ್ಲಿ ಬರೆದಿರುವ ರೋಗನಿದಾನ ಮತ್ತು ಅದರ ಪಕ್ಕದಲ್ಲಿರುವ ಸಂಕೇತ ಸಂಖ್ಯೆಯ ಆಧಾರದ ಮೇಲೆಯೇ ಅವರು ಕಾರ್ಯನಿರ್ವಹಿಸಬೇಕಾಗುತ್ತದೆ.

ಆದುದರಿಂದ ಸದರಿ ಸಂಕೇತ ಸಂಖ್ಯೆಯು ಹೇಗೆ ನಿರ್ಧಾರವಾಗುತ್ತದೆ, ಅದರಲ್ಲಿ ತಪ್ಪು ಎಲ್ಲಿ ನುಸುಳುತ್ತದೆ, ಅದನ್ನು ಸರಿಪಡಿಸಿಕೊಳ್ಳುವ ಕ್ರಮವೇನು ಎಂಬುದನ್ನು ಎದೆಗೂಡಿನ ಮೂಳೆಗಳ ಕ್ಯಾನ್ಸರನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಈ ಕಾಯಿಲೆಯು ವಿರಳ. ಆದರೆ ಕಾಗದದಲ್ಲಿ ಬೇರೆ ಕಾಯಿಲೆಯೊಂದಿಗೆ ಬೆರೆತುಹೋಗುವ ಸಂಭವ ಇದರಲ್ಲಿ ಹೆಚ್ಚು.

2. ಸಂಕೇತ ಸಂಖ್ಯೆ ಎಂದರೇನು?

ಕಾಯಿಲೆಗಳ ಹೆಸರು ಭಾಷೆಯಿಂದ ಭಾಷೆಗೆ, ವೈದ್ಯರಿಂದ ವೈದ್ಯರಿಗೆ ಬದಲಾಗುತ್ತದೆ. ಒಂದೇ ಕಾಯಿಲೆಯನ್ನು ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಎಣಿಸಲು ಅನುಕೂಲವಾಗುವಂತೆ 1893ರಲ್ಲಿ ಫ್ರಾನ್ಸಿನ ಅಂಕಿ-ಅಂಶ ತಜ್ಞ ಜಾಕ್ ಬರ್ಟಿಲಾನ್ ಅವರು ಮರಣ ಕಾರಣಗಳ ಪಟ್ಟಿಯೊಂದನ್ನು ಮಂಡಿಸಿದರು. 1948ರಿಂದ ಈ ಪಟ್ಟಿಯ ಹೊಣೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ವಹಿಸಿಕೊಂಡಿದೆ. ಇದರ ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಅನುಮೋದನೆ ದೊರೆಯಿತು. ಇದನ್ನೇ ಐ.ಸಿ.ಡಿ.-10 ಎಂದು ಕರೆಯಲಾಗುತ್ತದೆ. ಹನ್ನೊಂದನೆಯ ಪರಿಷ್ಕರಣೆಯು 2019ರಲ್ಲಿ ಅಂಗೀಕಾರಗೊಂಡು 2022ರ ಜನವರಿ 1ರಿಂದ ಜಾರಿಗೆ ಬಂದಿದೆಯಾದರೂ, ರೋಗಿಗಳ ಕೈಯಲ್ಲಿರುವ ಕಾಗದಗಳಲ್ಲಿ ಹೆಚ್ಚಾಗಿ ಕಂಡುಬರುವುದು ಹತ್ತನೆಯ ಪರಿಷ್ಕರಣೆಯ ಸಂಖ್ಯೆಗಳೇ ಆಗಿವೆ.

ಈ ಪದ್ಧತಿಯಲ್ಲಿ ಪ್ರತಿ ಸಂಕೇತವು ಒಂದು ಇಂಗ್ಲಿಷ್ ಅಕ್ಷರ ಹಾಗೂ ಅಂಕಿಗಳಿಂದ ಕೂಡಿರುತ್ತದೆ. ಪ್ರಾಣಾಪಾಯಕಾರಿ ಗಡ್ಡೆಗಳ ಸಂಕೇತಗಳು 'ಸಿ' ಅಕ್ಷರದಿಂದ ಆರಂಭವಾಗುತ್ತವೆ. ನಂತರದ ಎರಡು ಅಂಕಿಗಳು ಅಂಗವನ್ನೂ, ಚುಕ್ಕೆಯ ಮುಂದಿನ ಅಂಕಿಯು ಆ ಅಂಗದ ಭಾಗವನ್ನೂ ಸೂಚಿಸುತ್ತವೆ.

3. 'ಎದೆ ಕ್ಯಾನ್ಸರ್' ಎಂಬ ಮಾತಿನ ತೊಡಕು

ಕನ್ನಡದಲ್ಲಿ 'ಎದೆ' ಎಂಬ ಪದಕ್ಕೆ ಹಲವು ಅರ್ಥಗಳಿವೆ. ಮಹಿಳೆಯರು ಸ್ತನದ ಗಂಟನ್ನು ಸಂಕೋಚದಿಂದ 'ಎದೆಯ ಗಂಟು' ಎಂದು ಹೇಳುವುದುಂಟು. ಶ್ವಾಸಕೋಶದ ಕಾಯಿಲೆಯನ್ನೂ 'ಎದೆಯ ಕಾಯಿಲೆ' ಎನ್ನುವುದುಂಟು. ಪಕ್ಕೆಲುಬಿನ ಮೇಲೆ ಎದ್ದ ಗಡ್ಡೆಯನ್ನೂ ಇದೇ ಮಾತಿನಲ್ಲಿ ಹೇಳಲಾಗುತ್ತದೆ. ಅರ್ಜಿಯಲ್ಲಿ 'ಎದೆ ಕ್ಯಾನ್ಸರ್' ಎಂದಷ್ಟೇ ಬರೆದಲ್ಲಿ ಅದು ಈ ಕೆಳಕಂಡವುಗಳಲ್ಲಿ ಯಾವುದೂ ಆಗಿರಬಹುದು:

ಸಿ 50 – ಸ್ತನದ ಕ್ಯಾನ್ಸರ್
ಸಿ 34 – ಶ್ವಾಸನಾಳ ಮತ್ತು ಶ್ವಾಸಕೋಶದ ಕ್ಯಾನ್ಸರ್
ಸಿ 45.0 – ಶ್ವಾಸಕೋಶದ ಹೊರಪೊರೆಯ ಮೀಸೋಥೀಲಿಯೋಮ
ಸಿ 49.3 – ಎದೆಯ ಭಾಗದ ಮೃದು ಅಂಗಾಂಶದ ಕ್ಯಾನ್ಸರ್
ಸಿ 41.3 – ಪಕ್ಕೆಲುಬು, ಎದೆಯ ನಡುಮೂಳೆ ಮತ್ತು ಕೊರಳೆಲುಬಿನ ಕ್ಯಾನ್ಸರ್
ಸಿ 79.5 – ಬೇರೆ ಅಂಗದಿಂದ ಮೂಳೆಗೆ ಹರಡಿದ ಕ್ಯಾನ್ಸರ್
ಸಿ 76.1 – ಎದೆಯ ಭಾಗ, ಸ್ಥಳ ಸ್ಪಷ್ಟವಿಲ್ಲ

ಕೊನೆಯ ಸಂಖ್ಯೆಯು ವೈದ್ಯರ ಬರಹದಲ್ಲಿ ಬೇರೆ ಯಾವ ವಿವರವೂ ಇಲ್ಲದಿದ್ದಾಗ ಬಳಕೆಯಾಗುವಂತಹದು. ಬಯಾಪ್ಸಿ ಪೂರ್ಣಗೊಂಡ ನಂತರವೂ ಕಾಗದದಲ್ಲಿ ಇದೇ ಸಂಖ್ಯೆ ಮುಂದುವರಿದಿದ್ದಲ್ಲಿ ವೈದ್ಯರ ಗಮನಕ್ಕೆ ತರುವುದು ಸೂಕ್ತ.

4. ಎದೆಗೂಡಿನ ಮೂಳೆಗಳಿಗೆಲ್ಲ ಒಂದೇ ಸಂಖ್ಯೆಯಲ್ಲ

ಎದೆಗೂಡಿನಲ್ಲಿ ಹನ್ನೆರಡು ಜೊತೆ ಪಕ್ಕೆಲುಬುಗಳು, ಮುಂಭಾಗದಲ್ಲಿ ಎದೆಯ ನಡುಮೂಳೆ, ಹಿಂಭಾಗದಲ್ಲಿ ಬೆನ್ನುಮೂಳೆಯ ಮಣಿಗಳು ಇರುತ್ತವೆ. ಮೇಲ್ಭಾಗದಲ್ಲಿ ಕೊರಳೆಲುಬು ಮತ್ತು ಹೆಗಲಿನ ಹಲಗೆಮೂಳೆ ಸೇರಿಕೊಂಡಿರುತ್ತವೆ. ರೋಗಿಯ ದೃಷ್ಟಿಯಲ್ಲಿ ಇವೆಲ್ಲವೂ ಒಂದೇ ಜಾಗವೆಂದು ತೋರಬಹುದು. ವರ್ಗೀಕರಣದಲ್ಲಿ ಇವು ಮೂರು ಭಾಗಗಳಾಗಿವೆ:

(ಅ) ಪಕ್ಕೆಲುಬು, ಅದರ ತುದಿಯ ಮೃದ್ವಸ್ಥಿ, ಎದೆಯ ನಡುಮೂಳೆ ಮತ್ತು ಕೊರಳೆಲುಬು – ಸಿ 41.3
(ಆ) ಬೆನ್ನುಮೂಳೆಯ ಮಣಿಗಳು – ಸಿ 41.2
(ಇ) ಹೆಗಲಿನ ಹಲಗೆಮೂಳೆ – ಸಿ 40.0, ಅಂದರೆ ಇದು ತೋಳಿನ ಉದ್ದ ಮೂಳೆಗಳ ಗುಂಪಿಗೆ ಸೇರುತ್ತದೆ

ಯಾವ ಮೂಳೆ ಎಂಬುದನ್ನು ಬರೆಯದೆ 'ಮೂಳೆ ಕ್ಯಾನ್ಸರ್' ಎಂದಷ್ಟೇ ನಮೂದಿಸಿದಲ್ಲಿ ಸಿ 41.9 ಎಂಬ 'ಸ್ಥಳ ತಿಳಿಸಿಲ್ಲ' ಸಂಖ್ಯೆಯು ಬೀಳುತ್ತದೆ. ಆದುದರಿಂದ ರೋಗನಿದಾನದಲ್ಲಿ ಮೂಳೆಯ ಹೆಸರು, ಎಡ ಅಥವಾ ಬಲ ಭಾಗ, ಪಕ್ಕೆಲುಬಾದಲ್ಲಿ ಎಷ್ಟನೆಯದು ಎಂಬ ವಿವರ ಇರುವುದು ಅವಶ್ಯಕ.

5. ಮೂಳೆಯಲ್ಲಿಯೇ ಹುಟ್ಟಿದ್ದೋ, ಹರಡಿ ಬಂದದ್ದೋ?

ಈ ಮಾಹಿತಿಯಲ್ಲಿ ಅತ್ಯಂತ ಮುಖ್ಯವಾದ ಅಂಶ ಇದಾಗಿದೆ. ಪಕ್ಕೆಲುಬಿನಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳಲ್ಲಿ ಮೂಳೆಯಲ್ಲಿಯೇ ಹುಟ್ಟಿದವುಗಳಿಗಿಂತ ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಮುಂತಾದ ಅಂಗಗಳಿಂದ ಹರಡಿ ಬಂದವುಗಳೇ ಹೆಚ್ಚು. ಮೂಳೆಯಲ್ಲಿಯೇ ಹುಟ್ಟಿದ್ದಕ್ಕೆ ಸಿ 41.3, ಹರಡಿ ಬಂದದ್ದಕ್ಕೆ ಸಿ 79.5 ಎಂಬ ಸಂಖ್ಯೆ ಅನ್ವಯವಾಗುತ್ತದೆ. ಹರಡಿ ಬಂದಿದ್ದಲ್ಲಿ ಮೂಲ ಅಂಗದ ಸಂಖ್ಯೆಯನ್ನೂ ಜೊತೆಯಲ್ಲಿ ನಮೂದಿಸಲಾಗುತ್ತದೆ.

ಉದಾಹರಣೆಗೆ, ರಂಗಂಪೇಟೆಯ ಇಬ್ಬರು ರೋಗಿಗಳು ಒಂದೇ ದಿನ ಪಕ್ಕೆಲುಬಿನ ನೋವು ಮತ್ತು ಬಾವಿನಿಂದ ಆಸ್ಪತ್ರೆಗೆ ಬಂದರೆಂದು ಭಾವಿಸಬಹುದು. ಮೊದಲನೆಯವರು ಐವತ್ತು ವರ್ಷದ ಹತ್ತಿ ಬೆಳೆಗಾರರು. ಬಯಾಪ್ಸಿಯಲ್ಲಿ ಅವರಿಗೆ ಕಾಂಡ್ರೋಸಾರ್ಕೋಮ, ಅಂದರೆ ಮೃದ್ವಸ್ಥಿಯ ಜೀವಕೋಶಗಳಿಂದ ಹುಟ್ಟಿದ ಗಡ್ಡೆ ಎಂದು ಗೊತ್ತಾಗುತ್ತದೆ. ಎರಡನೆಯವರು ಕೆಲವು ವರ್ಷಗಳ ಹಿಂದೆ ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಮಹಿಳೆ. ಅವರ ಪಕ್ಕೆಲುಬಿನಲ್ಲಿರುವುದು ಹಳೆಯ ಕಾಯಿಲೆಯ ಹರಡುವಿಕೆ. ನೋವು ಒಂದೇ ಸ್ಥಳದಲ್ಲಿದ್ದರೂ ಮೊದಲನೆಯವರ ಸಂಖ್ಯೆ ಸಿ 41.3, ಎರಡನೆಯವರದು ಸಿ 79.5 ಮತ್ತು ಸ್ತನದ ಕ್ಯಾನ್ಸರ್‌ನ ಸಂಖ್ಯೆ.

ಚಿಕಿತ್ಸೆಯೂ ಬೇರೆಯಾಗುತ್ತದೆ. ಕಾಂಡ್ರೋಸಾರ್ಕೋಮವು ವಯಸ್ಕರ ಎದೆಗೋಡೆಯಲ್ಲಿ ಹುಟ್ಟುವ ಮೂಳೆ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಂಡುಬರುವಂತಹದು. ಸಾಮಾನ್ಯ ಬಗೆಯ ಕಾಂಡ್ರೋಸಾರ್ಕೋಮವು ಕೀಮೋಥೆರಪಿಗೆ ಅಷ್ಟಾಗಿ ಬಗ್ಗುವುದಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಕಂಡುಬರುವ ಯೂಯಿಂಗ್ ಸಾರ್ಕೋಮವೂ ಪಕ್ಕೆಲುಬಿನಲ್ಲಿದ್ದರೆ ಸಿ 41.3 ಸಂಖ್ಯೆಯನ್ನೇ ಪಡೆಯುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಕೀಮೋಥೆರಪಿಯಿಂದ ಚಿಕಿತ್ಸೆ ಆರಂಭವಾಗುತ್ತದೆ. ಹರಡಿ ಬಂದ ಕಾಯಿಲೆಯಲ್ಲಾದರೋ ಮೂಲ ಅಂಗದ ಕ್ಯಾನ್ಸರ್‌ಗೆ ತಕ್ಕ ಔಷಧಿ ಹಾಗೂ ನೋವು ಶಮನಕ್ಕಾಗಿ ವಿಕಿರಣ ಚಿಕಿತ್ಸೆಯನ್ನು ವೈದ್ಯರು ಪರಿಶೀಲಿಸುತ್ತಾರೆ.

ಅಸ್ಥಿಮಜ್ಜೆಯ ಕಾಯಿಲೆಯಾದ ಮಲ್ಟಿಪಲ್ ಮೈಲೋಮವು ಪಕ್ಕೆಲುಬುಗಳನ್ನು ಸವೆಸಿ ಮುರಿಯುವಂತೆ ಮಾಡಬಹುದು. ಆದರೆ ಅದು ಮೇಲಿನ ಎರಡೂ ಗುಂಪುಗಳಿಗೆ ಸೇರುವುದಿಲ್ಲ. ಅದರ ಸಂಖ್ಯೆ ಸಿ 90.0.

6. ಒಂದು ಪದದಿಂದ ಬದಲಾಗುವ ಸಂಖ್ಯೆ

ವೈದ್ಯರು ಕೆಲಸದ ಒತ್ತಡದಲ್ಲಿ ಯಾವುದೇ ಕ್ಯಾನ್ಸರ್‌ಗೆ 'ಸಿ.ಎ.' ಎಂಬ ಸಂಕ್ಷಿಪ್ತ ರೂಪವನ್ನು ಬರೆಯುವುದು ರೂಢಿಯಲ್ಲಿದೆ. 'ಸಿ.ಎ. ರಿಬ್' ಎಂಬ ಬರಹವು ಇದಕ್ಕೊಂದು ಉದಾಹರಣೆ. ಈ ಎರಡಕ್ಷರಗಳು ಮೂಲತಃ 'ಕಾರ್ಸಿನೋಮ' ಎಂಬ ಪದದ ಸಂಕ್ಷೇಪ.

ಕಾರ್ಸಿನೋಮ ಎಂದರೆ ಚರ್ಮ, ಗ್ರಂಥಿ, ಒಳಪೊರೆ ಇತ್ಯಾದಿಗಳಲ್ಲಿ ಹುಟ್ಟುವ ಕ್ಯಾನ್ಸರ್. ಮೂಳೆ, ಮೃದ್ವಸ್ಥಿ, ಸ್ನಾಯುಗಳಲ್ಲಿ ಹುಟ್ಟುವುದು ಸಾರ್ಕೋಮ. ಪಕ್ಕೆಲುಬಿನಲ್ಲಿ ಕಾರ್ಸಿನೋಮವು ತಾನಾಗಿ ಹುಟ್ಟುವುದಿಲ್ಲ. ಆದುದರಿಂದ 'ಪಕ್ಕೆಲುಬಿನ ಕಾರ್ಸಿನೋಮ' ಎಂದು ಬರೆದಿದ್ದಲ್ಲಿ, ಅದು ಎಲ್ಲಿಂದಲೋ ಹರಡಿ ಬಂದದ್ದೆಂದು ಪರಿಗಣಿಸಿ ಸಿ 79.5 ಸಂಖ್ಯೆಯನ್ನು ನೀಡತಕ್ಕದ್ದೆಂದು ಐ.ಸಿ.ಡಿ.-10ರ ಸೂಚಿಯಲ್ಲಿಯೇ ನಿಯಮವಿದೆ. ಸಂಕೇತ ನೀಡುವ ಸಿಬ್ಬಂದಿಯು ನಿಯಮದಂತೆ ನಡೆದುಕೊಂಡರೂ, ಮೂಳೆಯಲ್ಲಿಯೇ ಕ್ಯಾನ್ಸರ್ ಹುಟ್ಟಿರುವ ರೋಗಿಯು ಕಾಗದದ ಮೇಲೆ ಹರಡಿದ ಕ್ಯಾನ್ಸರಿನ ರೋಗಿಯಾಗಿಬಿಡುತ್ತಾರೆ.

ಬಯಾಪ್ಸಿ ವರದಿಯಲ್ಲಿರುವ ಪೂರ್ಣ ಹೆಸರನ್ನು ಡಿಸ್ಚಾರ್ಜ್ ಸಾರಾಂಶದಲ್ಲಿಯೂ ಹಾಗೆಯೇ ಬರೆದಲ್ಲಿ ಈ ತೊಡಕು ಉಂಟಾಗುವುದಿಲ್ಲ.

7. ಕ್ಯಾನ್ಸರ್ ಎಂದು ಖಚಿತವಾಗುವ ಮೊದಲು

ಪಕ್ಕೆಲುಬಿನ ಮೇಲಿನ ಪ್ರತಿ ಬಾವೂ ಕ್ಯಾನ್ಸರ್ ಅಲ್ಲ. ಮೂಳೆಯ ಕ್ಷಯ ರೋಗವು (ಎ 18.0) ಪಕ್ಕೆಲುಬಿನಲ್ಲಿ ಬಾವಾಗಿ ಕಾಣಿಸಿಕೊಳ್ಳಬಹುದು. ಅಪಾಯಕಾರಿಯಲ್ಲದ ಗಡ್ಡೆಯೂ (ಡಿ 16.7) ಆಗಿರಬಹುದು. ಎಕ್ಸ್-ರೇಯಲ್ಲಿ ನೆರಳು ಕಂಡ ಮಾತ್ರಕ್ಕೆ 'ಸಿ' ಅಕ್ಷರದ ಸಂಖ್ಯೆಯನ್ನು ನೀಡುವಂತಿಲ್ಲ. ಪರೀಕ್ಷೆಗಳು ನಡೆಯುತ್ತಿರುವಾಗ ಮುಂಡ ಭಾಗದ ಬಾವು (ಆರ್ 22.2) ಅಥವಾ ಕ್ಯಾನ್ಸರ್ ಶಂಕೆಯ ಮೇಲಿನ ತಪಾಸಣೆ (ಝಡ್ 03.1) ಎಂಬ ಸಂಖ್ಯೆಗಳನ್ನು ನಮೂದಿಸಲಾಗುತ್ತದೆ. ಇಂತಹ ಸಂಖ್ಯೆಯನ್ನು ಕಂಡು ರೋಗಿಯು ಕಾಯಿಲೆಯನ್ನು ಕಡೆಗಣಿಸಲಾಗಿದೆ ಎಂದು ಭಾವಿಸಬೇಕಾಗಿಲ್ಲ. ಹಾಗೆಯೇ ಅದನ್ನೇ ಅಂತಿಮವೆಂದು ತಿಳಿದು ಬಯಾಪ್ಸಿ ಮಾಡಿಸದೆ ಊರಿಗೆ ಮರಳಬಾರದು.

8. ಚಿಕಿತ್ಸಾ ವೆಚ್ಚದ ಯೋಜನೆ ಮತ್ತು ಸಂಕೇತ ಸಂಖ್ಯೆ

ಹಿಂದಿನ ಗುಲಬರ್ಗಾ ವಿಭಾಗದಲ್ಲಿ 2010ರಲ್ಲಿ ಆರಂಭಗೊಂಡ ವಾಜಪೇಯಿ ಆರೋಗ್ಯಶ್ರೀ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ಕ್ಯಾನ್ಸರ್ ಸೇರಿದಂತೆ ದೊಡ್ಡ ಕಾಯಿಲೆಗಳ ಚಿಕಿತ್ಸೆ ದೊರೆಯುತ್ತಿತ್ತು. 2018ರಲ್ಲಿ ಸದರಿ ಯೋಜನೆಯು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಂಡಿತು. ಅದೇ ವರ್ಷ ಇದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜಿಸಲಾಯಿತು. ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಇತರೆ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಸರ್ಕಾರವು ಭರಿಸುತ್ತದೆ.

ಅರ್ಜಿದಾರರು ಇಲ್ಲಿ ಎರಡು ಬಗೆಯ ಸಂಖ್ಯೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಐ.ಸಿ.ಡಿ. ಸಂಖ್ಯೆಯು ಕಾಯಿಲೆ ಯಾವುದು ಎಂಬುದನ್ನು ತಿಳಿಸುತ್ತದೆ. ಯೋಜನೆಯ ಪ್ಯಾಕೇಜ್ ಸಂಖ್ಯೆಯು ಯಾವ ಚಿಕಿತ್ಸೆಗೆ ಹಣ ಕೋರಲಾಗಿದೆ ಎಂಬುದನ್ನು ತಿಳಿಸುತ್ತದೆ. ಇವೆರಡೂ ಪರಸ್ಪರ ಹೊಂದಿಕೆಯಾಗಬೇಕು. ಹರಡಿದ ಕ್ಯಾನ್ಸರ್ ಎಂದು ನಮೂದಿಸಿ, ಎದೆಗೋಡೆಯ ಭಾಗವನ್ನು ತೆಗೆದುಹಾಕುವ ದೊಡ್ಡ ಶಸ್ತ್ರಚಿಕಿತ್ಸೆಗೆ ಪೂರ್ವಾನುಮತಿ ಕೋರಿದಲ್ಲಿ, ಪರಿಶೀಲಿಸುವ ವೈದ್ಯರು ವಿವರಣೆ ಕೇಳುವುದು ಸಹಜ. ಮೂಲ ಕಾಗದವು ಕಲಬುರಗಿಯಲ್ಲಿದ್ದು ರೋಗಿಯು ಬೆಂಗಳೂರಿನಲ್ಲಿದ್ದರೆ ಆ ವಿವರಣೆಗೆ ತಗಲುವ ದಿನಗಳ ಹೊರೆಯನ್ನು ರೋಗಿಯೇ ಹೊರಬೇಕಾಗುತ್ತದೆ.

ಖಾಸಗಿ ಆಸ್ಪತ್ರೆಯಲ್ಲಿ ಇಂತಹ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ತುರ್ತು ಸಂದರ್ಭಗಳಿಗೆ ವಿನಾಯಿತಿ ಇದೆ. ಶಿಫಾರಸು ಪತ್ರದಲ್ಲಿಯೂ ರೋಗನಿದಾನವು ಬಯಾಪ್ಸಿ ವರದಿಗೆ ಅನುಗುಣವಾಗಿರುವುದನ್ನು ನೋಡಿಕೊಳ್ಳುವುದು. ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿರುವ ಆರೋಗ್ಯ ಮಿತ್ರ ಸಿಬ್ಬಂದಿಯನ್ನು ಈ ಬಗ್ಗೆ ವಿಚಾರಿಸಬಹುದು.

9. ಕ್ಯಾನ್ಸರ್ ನೋಂದಣಿ ಮತ್ತು ರೋಗಿಯ ವಿಳಾಸ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಜನಸಂಖ್ಯೆ ಆಧಾರಿತ ಮೊದಲ ನೋಂದಣಿ ಕೇಂದ್ರಗಳಲ್ಲಿ ಕಿದ್ವಾಯಿ ಸಂಸ್ಥೆಯಲ್ಲಿರುವ ಬೆಂಗಳೂರು ಕೇಂದ್ರವೂ ಒಂದು. ನೋಂದಣಿಯಲ್ಲಿ ಪ್ರತಿ ರೋಗಿಗೆ ಎರಡು ಸಂಖ್ಯೆಗಳನ್ನು ನೀಡಲಾಗುತ್ತದೆ. ಮೊದಲನೆಯದು ಸ್ಥಳವನ್ನು, ಎರಡನೆಯದು ಅಂಗಾಂಶದ ಬಗೆಯನ್ನು ಸೂಚಿಸುತ್ತದೆ. ಪಕ್ಕೆಲುಬಿನ ಕಾಂಡ್ರೋಸಾರ್ಕೋಮಕ್ಕೆ ಸಿ 41.3 ಮತ್ತು 9220/3, ಆಸ್ಟಿಯೋಸಾರ್ಕೋಮಕ್ಕೆ ಸಿ 41.3 ಮತ್ತು 9180/3 ಎಂದು ನಮೂದಾಗುತ್ತದೆ. ಓರೆಗೆರೆಯ ನಂತರದ 3 ಎಂಬ ಅಂಕಿಯು ಅದು ಪ್ರಾಣಾಪಾಯಕಾರಿಯಾದುದು ಮತ್ತು ಅಲ್ಲಿಯೇ ಹುಟ್ಟಿದ್ದು ಎಂಬುದನ್ನು ತಿಳಿಸುತ್ತದೆ. ಅದೇ ಸ್ಥಾನದಲ್ಲಿ 0 ಇದ್ದರೆ ಅಪಾಯಕಾರಿಯಲ್ಲದ ಗಡ್ಡೆ, 6 ಇದ್ದರೆ ಹರಡಿ ಬಂದದ್ದು.

ಜನಸಂಖ್ಯೆ ಆಧಾರಿತ ನೋಂದಣಿಯಲ್ಲಿ ರೋಗಿಯನ್ನು ಚಿಕಿತ್ಸೆ ಪಡೆದ ಊರಿನ ಲೆಕ್ಕಕ್ಕೆ ಸೇರಿಸುವುದಿಲ್ಲ, ವಾಸವಿರುವ ಊರಿನ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಯಾದಗಿರಿ ಜಿಲ್ಲೆಯ ಅನೇಕ ಕುಟುಂಬಗಳ ಸದಸ್ಯರು ದುಡಿಮೆಗಾಗಿ ಬೆಂಗಳೂರಿನಲ್ಲಿರುತ್ತಾರೆ. ಚಿಕಿತ್ಸೆಗೆ ಬಂದ ರೋಗಿಯು ಅನುಕೂಲಕ್ಕಾಗಿ ಆ ಬಂಧುಗಳ ವಿಳಾಸವನ್ನೇ ಕೊಟ್ಟಲ್ಲಿ ರಂಗಂಪೇಟೆಯ ಕಾಯಿಲೆಯು ಬೆಂಗಳೂರಿನ ಲೆಕ್ಕಕ್ಕೆ ಸೇರುವ ಸಂಭವವಿದೆ. ವಿರಳವಾದ ಕಾಯಿಲೆಯಲ್ಲಿ ಇಂತಹ ಒಂದೆರಡು ತಪ್ಪುಗಳಾದರೂ ಇಡೀ ಜಿಲ್ಲೆಯ ಅಂಕಿ-ಅಂಶ ಏರುಪೇರಾಗುತ್ತದೆ. ಆದುದರಿಂದ ಖಾಯಂ ವಿಳಾಸವನ್ನು ಊರು, ತಾಲ್ಲೂಕು, ಜಿಲ್ಲೆ ಸಹಿತ ಬರೆಸಿ, ಸಂಪರ್ಕಕ್ಕಾಗಿ ಬೆಂಗಳೂರಿನ ವಿಳಾಸವನ್ನು ಪ್ರತ್ಯೇಕವಾಗಿ ಕೊಡುವುದು ಸರಿಯಾದ ಕ್ರಮ. ಯಾದಗಿರಿಯು 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಗಿ ರಚನೆಗೊಂಡಿರುವುದರಿಂದ ಅದಕ್ಕೂ ಹಿಂದಿನ ಕಾಗದಗಳಲ್ಲಿ ಗುಲಬರ್ಗಾ ಜಿಲ್ಲೆ ಎಂದಿರುತ್ತದೆ. ಇದು ದೋಷವಲ್ಲ.

10. ಮರಣ ಸಂಭವಿಸಿದಲ್ಲಿ

ಜನನ ಮತ್ತು ಮರಣ ನೋಂದಣಿ ಕಾಯ್ದೆ, 1969ರ ಅಡಿಯಲ್ಲಿ ಮರಣವನ್ನು 21 ದಿನಗಳೊಳಗೆ ವರದಿ ಮಾಡತಕ್ಕದ್ದು. ಆಸ್ಪತ್ರೆಯಲ್ಲಿ ಸಂಭವಿಸಿದ ಮರಣಕ್ಕೆ ನಮೂನೆ-4ರಲ್ಲಿಯೂ, ಮನೆಯಲ್ಲಿ ಸಂಭವಿಸಿದ ಮರಣಕ್ಕೆ, ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರಿದ್ದಲ್ಲಿ, ನಮೂನೆ-4ಎಯಲ್ಲಿಯೂ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರವನ್ನು ನೀಡಲಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಆಸ್ಪತ್ರೆಗಳು ಇದನ್ನು ಉಚಿತವಾಗಿ ನೀಡಿ, ಅದರ ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡತಕ್ಕದ್ದು.

ಈ ನಮೂನೆಯಲ್ಲಿ ಮರಣಕ್ಕೆ ಕಾರಣವಾದ ಸಂಗತಿಗಳನ್ನು ಸರಪಳಿಯಂತೆ ಬರೆಯಲಾಗುತ್ತದೆ. ಮೊದಲ ಸಾಲಿನಲ್ಲಿ ತಕ್ಷಣದ ಕಾರಣವೂ, ಕೊನೆಯ ಸಾಲಿನಲ್ಲಿ ಮೂಲ ಕಾರಣವೂ ಇರಬೇಕು. ಉದಾಹರಣೆಗೆ: (ಎ) ನ್ಯುಮೋನಿಯಾ, (ಬಿ) ಶ್ವಾಸಕೋಶಕ್ಕೆ ಹರಡಿದ ಕ್ಯಾನ್ಸರ್, (ಸಿ) ಎಡಭಾಗದ ಆರನೆಯ ಪಕ್ಕೆಲುಬಿನ ಕಾಂಡ್ರೋಸಾರ್ಕೋಮ. ಇಲ್ಲಿ ಮರಣವು ಸಿ 41.3ರ ಲೆಕ್ಕಕ್ಕೆ ಸೇರುತ್ತದೆ. 'ಹೃದಯ ಸ್ತಂಭನ' ಎಂದಷ್ಟೇ ಬರೆದಲ್ಲಿ ಕಾಯಿಲೆಯು ದಾಖಲೆಯಿಂದಲೇ ಮರೆಯಾಗುತ್ತದೆ.

ಕುಟುಂಬದವರಿಗೆ ನೋಂದಣಾಧಿಕಾರಿಯಿಂದ ದೊರೆಯುವ ಮರಣ ಪ್ರಮಾಣಪತ್ರದಲ್ಲಿ ಮರಣದ ಕಾರಣವನ್ನು ಬಹಿರಂಗಪಡಿಸುವಂತಿಲ್ಲ ಎಂದು ಕಾಯ್ದೆಯ 17ನೇ ಪ್ರಕರಣವು ತಿಳಿಸುತ್ತದೆ. ಆದುದರಿಂದ ಕಾಯಿಲೆಯ ಹೆಸರು ಊರಿನಲ್ಲಿ ತಿಳಿದೀತೆಂಬ ಅಂಜಿಕೆಯಿಂದ ಕಾರಣವನ್ನು ಮರೆಮಾಚುವಂತೆ ವೈದ್ಯರನ್ನು ಕೋರುವ ಅಗತ್ಯವಿಲ್ಲ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಕೇತ ಸಂಖ್ಯೆ ತಪ್ಪಾಗಿದೆ ಎಂದು ತೋರಿದಲ್ಲಿ ಅರ್ಜಿದಾರರು ತಾವೇ ತಿದ್ದಬಹುದೇ?
ಉತ್ತರ: ತಿದ್ದುವಂತಿಲ್ಲ. ಕಚೇರಿಯ ಸಿಬ್ಬಂದಿಯೂ ತಾವಾಗಿ ಬದಲಾಯಿಸುವಂತಿಲ್ಲ. ಸಂಖ್ಯೆಯು ವೈದ್ಯರ ಬರಹವನ್ನು ಅನುಸರಿಸುತ್ತದೆ. ಬಯಾಪ್ಸಿ ವರದಿಯ ಪ್ರತಿಯೊಂದಿಗೆ ಚಿಕಿತ್ಸೆ ನೀಡಿದ ವೈದ್ಯರಿಗೆ ಲಿಖಿತ ಮನವಿ ಸಲ್ಲಿಸಿ, ತಿದ್ದುಪಡಿಯಾದ ಸಾರಾಂಶವನ್ನು ಸಹಿ ಮತ್ತು ಮೊಹರಿನೊಂದಿಗೆ ಪಡೆಯತಕ್ಕದ್ದು.

ಪ್ರಶ್ನೆ: ಆಸ್ಪತ್ರೆಯಿಂದ ದಾಖಲೆಗಳ ಪ್ರತಿ ಪಡೆಯಲು ಹಕ್ಕಿದೆಯೇ?
ಉತ್ತರ: ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಗಳಂತೆ, ರೋಗಿ ಅಥವಾ ಅವರಿಂದ ಅಧಿಕಾರ ಪಡೆದವರು ಕೋರಿದಲ್ಲಿ 72 ಗಂಟೆಗಳೊಳಗೆ ದಾಖಲೆಗಳನ್ನು ನೀಡತಕ್ಕದ್ದು. ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳವರೆಗೆ ಕಾಯ್ದಿರಿಸತಕ್ಕದ್ದು.

ಪ್ರಶ್ನೆ: ಒಂದು ಊರಿನಲ್ಲಿ ಬಯಾಪ್ಸಿ ಮಾಡಿಸಿ ಇನ್ನೊಂದು ಊರಿಗೆ ಹೋಗುವಾಗ ವರದಿ ಮಾತ್ರ ಸಾಕೇ?
ಉತ್ತರ: ಸಾಲದು. ಪ್ರಯೋಗಾಲಯದಲ್ಲಿರುವ ಗಾಜಿನ ಸ್ಲೈಡುಗಳನ್ನೂ, ಅಂಗಾಂಶವನ್ನು ಇರಿಸಿರುವ ಮೇಣದ ಅಚ್ಚನ್ನೂ ಕೇಳಿ ಪಡೆದುಕೊಳ್ಳುವುದು ಉತ್ತಮ. ಮೂಳೆಯ ಗಡ್ಡೆಗಳ ಬಗೆ ನಿರ್ಧರಿಸುವುದು ಕಷ್ಟವಾದುದರಿಂದ ದೊಡ್ಡ ಆಸ್ಪತ್ರೆಗಳಲ್ಲಿ ಇವುಗಳನ್ನು ಮರುಪರಿಶೀಲಿಸಲಾಗುತ್ತದೆ. ಎಕ್ಸ್-ರೇ ಮತ್ತು ಸಿ.ಟಿ. ಸ್ಕ್ಯಾನ್‌ಗಳನ್ನೂ ಜೊತೆಯಲ್ಲಿ ಒಯ್ಯುವುದು.

ಪ್ರಶ್ನೆ: ಹೆಚ್ಚಿನ ನೆರವು ದೊರೆಯುವಂತೆ ಬೇರೆ ಸಂಖ್ಯೆಯನ್ನು ಹಾಕಿಸಬಹುದೇ?
ಉತ್ತರ: ಇದು ಸುಳ್ಳು ದಾಖಲೆಯಾಗುತ್ತದೆ. ಅಲ್ಲದೆ ಮುಂದಿನ ಹಂತದಲ್ಲಿ ಚಿಕಿತ್ಸೆ ನೀಡುವ ವೈದ್ಯರು ಆ ಕಾಗದವನ್ನು ನಂಬಿ ನಡೆಯುವುದರಿಂದ ರೋಗಿಗೇ ಅಪಾಯ ಒದಗಬಹುದು.

12. ಅರ್ಜಿ ಸಲ್ಲಿಸುವ ಮೊದಲು ಗಮನಿಸಬೇಕಾದ ಅಂಶಗಳು

(1) ರೋಗನಿದಾನದಲ್ಲಿ ಮೂಳೆಯ ಹೆಸರು ಮತ್ತು ಎಡ-ಬಲ ಭಾಗ ಸ್ಪಷ್ಟವಾಗಿದೆಯೇ?
(2) ಅಲ್ಲಿಯೇ ಹುಟ್ಟಿದ್ದು ಅಥವಾ ಹರಡಿ ಬಂದದ್ದು ಎಂದು ಬರೆದಿದೆಯೇ? ಹರಡಿದ್ದಲ್ಲಿ ಮೂಲ ಅಂಗ ಯಾವುದು?
(3) ಬಯಾಪ್ಸಿ ವರದಿಯಲ್ಲಿರುವ ಕಾಯಿಲೆಯ ಪೂರ್ಣ ಹೆಸರು ಡಿಸ್ಚಾರ್ಜ್ ಸಾರಾಂಶದಲ್ಲಿಯೂ ಇದೆಯೇ?
(4) ರೋಗಿಯ ಹೆಸರು, ವಯಸ್ಸು ಮತ್ತು ಖಾಯಂ ವಿಳಾಸ ಎಲ್ಲ ಕಾಗದಗಳಲ್ಲಿ ಒಂದೇ ರೀತಿ ಇವೆಯೇ?
(5) ಕೋರಿರುವ ಚಿಕಿತ್ಸೆಯು ನಮೂದಿಸಿರುವ ಕಾಯಿಲೆಗೆ ಹೊಂದಿಕೆಯಾಗುತ್ತದೆಯೇ?

ಮೇಲ್ಕಂಡ ಐದು ಅಂಶಗಳನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ನೋಡಿಕೊಂಡಲ್ಲಿ ತಪ್ಪನ್ನು ಅಲ್ಲಿಯೇ, ಅದೇ ದಿನ ಸರಿಪಡಿಸಿಕೊಳ್ಳಬಹುದು. ರಂಗಂಪೇಟೆಗೆ ಮರಳಿದ ನಂತರ ಗಮನಕ್ಕೆ ಬಂದ ತಪ್ಪಿಗೆ ಮತ್ತೊಮ್ಮೆ ಅಷ್ಟೇ ದೂರ ಪ್ರಯಾಣ ಮಾಡಬೇಕಾಗುತ್ತದೆ. ಓದಲು ಬಾರದ ರೋಗಿಗಳ ಪರವಾಗಿ ಜೊತೆಯಲ್ಲಿ ಬಂದವರು ಈ ಕಾಗದವನ್ನು ವೈದ್ಯರಿಂದ ಕನ್ನಡದಲ್ಲಿ ವಿವರಿಸಿ ಕೇಳಿಕೊಳ್ಳಲು ಹಿಂಜರಿಯಬಾರದೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ.